ಅಪ್ಪ–ಅಮ್ಮನ ಜೊತೆ ನಾರ್ವೆ: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ?

ಕೇಳಿದವರು, ಬೆಂಗಳೂರಿನಿಂದ:

ನಮ್ಮಪ್ಪ–ಅಮ್ಮನ ಮದುವೆಯಾಗಿ ಬರುವ ವರ್ಷಕ್ಕೆ 50 ವರ್ಷ ತುಂಬುತ್ತೆ. ಜೀವನವಿಡೀ ನಮಗೋಸ್ಕರ ದುಡಿದವರು, ತಮಗೆ ಅಂತ ಏನೂ ಮಾಡಿಕೊಂಡವರಲ್ಲ. ಈ ಸಲ ಅಣ್ಣ, ನಾನು ಸೇರಿ ಅವರನ್ನು ನಾರ್ವೆಗೆ ಕರೆದುಕೊಂಡು ಹೋಗೋಣ ಅಂತಿದ್ದೀವಿ. ಖರ್ಚಿಗೆ ಹಿಂದೆಮುಂದೆ ನೋಡಲ್ಲ, ಎಲ್ಲಾ ಒಳ್ಳೆಯದೇ ಇರಲಿ ಅನ್ನೋ ಆಸೆ. ಅಮ್ಮನಿಗೆ ಮೊಣಕಾಲು ನೋವಿದೆ, ಮೊಟ್ಟೆಯನ್ನೂ ಮುಟ್ಟಲ್ಲ. ಏಜೆಂಟ್ ಕೊಟ್ಟಿರೋ ಪ್ಲಾನ್ ಹೀಗಿದೆ: ಜೂನ್ ತಿಂಗಳು, ಹತ್ತು ದಿನ, ಕೋಪನ್‌ಹೇಗನ್, ಸ್ಟಾಕ್‌ಹೋಮ್, ಓಸ್ಲೋ, ಬರ್ಗೆನ್, ಗೈರಾಂಗರ್, ಲೊಫೋಟೆನ್, ಟ್ರೊಮ್ಸೊ. ಮಧ್ಯರಾತ್ರಿ ಸೂರ್ಯನನ್ನೂ ನಾರ್ದರ್ನ್ ಲೈಟ್ಸನ್ನೂ (ರಾತ್ರಿ ಆಕಾಶದಲ್ಲಿ ಕುಣಿಯೋ ಬಣ್ಣದ ಬೆಳಕು) ಒಂದೇ ಟ್ರಿಪ್ಪಿನಲ್ಲಿ ತೋರಿಸ್ತೀವಿ ಅಂತ ಹೇಳ್ತಿದ್ದಾರೆ. ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಅತ್ತೆ–ಮಾವನ ಜೊತೆ ಹೋಗಿ ಬಂದವರು:

ಮೇಡಂ, ಮೊದಲು ಆ ಪ್ಲಾನ್ ಪಕ್ಕಕ್ಕಿಡಿ. ಮಧ್ಯರಾತ್ರಿ ಸೂರ್ಯ, ನಾರ್ದರ್ನ್ ಲೈಟ್ಸ್ ಎರಡೂ ಒಟ್ಟಿಗೆ ಕಾಣೋದು ಆಗದ ಮಾತು. ಟ್ರೊಮ್ಸೊದಲ್ಲಿ ಮೇ 20ರ ಸುಮಾರಿನಿಂದ ಜುಲೈ 22ರ ಸುಮಾರಿನವರೆಗೆ ಸೂರ್ಯ ಮುಳುಗುವುದೇ ಇಲ್ಲ. ಆಕಾಶ ಕತ್ತಲಾಗದೆ ಆ ಬೆಳಕು ಕಣ್ಣಿಗೆ ಬೀಳಲ್ಲ. ಅದಕ್ಕೆ ಸೆಪ್ಟೆಂಬರಿನಿಂದ ಏಪ್ರಿಲ್ ಮೊದಲ ದಿನಗಳವರೆಗಿನ ರಾತ್ರಿಗಳೇ ಬೇಕು. ಇಷ್ಟು ಮೂಲಭೂತ ವಿಷಯದಲ್ಲೇ ತಪ್ಪು ಮಾತು ಕೊಡುವವರ ಕೈಗೆ ಅಪ್ಪ–ಅಮ್ಮನ ಪ್ರವಾಸ ಒಪ್ಪಿಸಬೇಡಿ.

ನನ್ನ ಆಯ್ಕೆ ಕೇಳಿದರೆ ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಮೊದಲ ವಾರ. ಹಗಲು–ರಾತ್ರಿ ಹೆಚ್ಚುಕಡಿಮೆ ಸಮ ಇರುವ ಕಾಲ, ಹಾಗಾಗಿ ಹಗಲಲ್ಲಿ ಫಿಯೋರ್ಡ್ (ಕಡಿದಾದ ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ಕವಲು), ರಾತ್ರಿ ಬೆಳಕು ಎರಡಕ್ಕೂ ಅವಕಾಶ. ಭೂಮಿಯ ಕಾಂತಕ್ಷೇತ್ರ ಮತ್ತು ಸೂರ್ಯನಿಂದ ಬರುವ ಗಾಳಿ ಒಂದಕ್ಕೊಂದು ಸುಲಭವಾಗಿ ಹೊಂದಿಕೊಳ್ಳುವುದರಿಂದ ವಿಷುವದ (ಹಗಲು–ರಾತ್ರಿ ಸಮವಾಗುವ ದಿನದ) ಆಸುಪಾಸಿನಲ್ಲಿ ಈ ಬೆಳಕಿನ ಚಟುವಟಿಕೆಯೂ ಸ್ವಲ್ಪ ಜಾಸ್ತಿ. ಬರ್ಚ್ ಮರಗಳೆಲ್ಲ ಹಳದಿಯಾಗಿರುತ್ತವೆ. ಕಾಲಡಿ ಮಂಜುಗಡ್ಡೆ ಇರಲ್ಲ, ನಿಮ್ಮಮ್ಮನ ಮೊಣಕಾಲಿಗೆ ಇದೇ ದೊಡ್ಡ ಸಮಾಧಾನ. ಜನವರಿಯಲ್ಲಿ ಟ್ರೊಮ್ಸೊ ಫುಟ್‌ಪಾತ್ ಮೇಲೆ ಶೂಗೆ ಮುಳ್ಳಿನ ಪಟ್ಟಿ ಕಟ್ಟಿಕೊಳ್ಳದೆ ನಮ್ಮವರು ನಾಲ್ಕು ಹೆಜ್ಜೆ ಇಡೋದೂ ಕಷ್ಟ. ಶರತ್ಕಾಲದಲ್ಲಿ ಮಳೆ ಬರುತ್ತೆ, ಅದನ್ನು ಒಪ್ಪಿಕೊಂಡೇ ಹೋಗಿ.

ಇನ್ನು ದುಡ್ಡಿನ ವಿಷಯ. ನಮ್ಮ ಫೈವ್‌ಸ್ಟಾರ್ ಹೋಟೆಲುಗಳಲ್ಲಿ ಬಾಗಿಲಲ್ಲಿ ನಮಸ್ಕಾರ ಹೇಳುವವರು, ಬ್ಯಾಗ್ ಎತ್ತುವವರು, ಕರೆದ ಕೂಡಲೆ ಬರುವವರು ಇರ್ತಾರೆ. ನಾರ್ವೆಯಲ್ಲಿ ಎಷ್ಟು ಕೊಟ್ಟರೂ ಆ ಬಗೆಯ ಸೇವೆ ಸಿಗೋದು ಕಡಿಮೆ, ಯಾಕಂದರೆ ಅಲ್ಲಿ ಜನರ ಕೂಲಿ ದುಬಾರಿ, ಯಜಮಾನ–ಆಳು ಅನ್ನೋ ಭಾವನೆಯೂ ಇಲ್ಲ. ದುಡ್ಡು ಕೊಟ್ಟರೆ ಸಿಗೋದು ಜಾಗ, ಮೌನ, ಕಿಟಕಿ ಮತ್ತು ಬಿಡುವು. ಪಶ್ಚಿಮ ನಾರ್ವೆಯ ವಾಲ್‌ಡಾಲ್‌ನಲ್ಲಿರುವ ಯೂವೆಟ್ ಹೋಟೆಲ್ ಇದಕ್ಕೆ ಒಳ್ಳೆಯ ಉದಾಹರಣೆ. ಬಂಡೆ ಸಿಡಿಸದೆ, ಕಬ್ಬಿಣದ ಸರಳುಗಳ ಮೇಲೆ ಮರದ ಕೋಣೆಗಳನ್ನು ಬಿಡಿಬಿಡಿಯಾಗಿ ಕೂರಿಸಿದ್ದಾರೆ. ಒಂದು ಗೋಡೆ ಪೂರ್ತಿ ಗಾಜು, ಅದರಾಚೆ ಕಾಡು, ನದಿ. ಟಿವಿ ಇಲ್ಲ. ಆದರೆ ಊಟ ಹಳೆಯ ಕೊಟ್ಟಿಗೆ ಕಟ್ಟಡದಲ್ಲಿ, ಕೋಣೆಯಿಂದ ಅಲ್ಲಿಗೆ ಹೊರಗೆ ನಡೆದುಕೊಂಡೇ ಹೋಗಬೇಕು. ನಿಮ್ಮಮ್ಮನಿಗೆ ಅದು ಆಗುತ್ತಾ ಯೋಚಿಸಿ. ಯಾವ ಹೋಟೆಲ್ ಆದರೂ ಬುಕ್ ಮಾಡುವ ಮುಂಚೆ ಲಿಫ್ಟ್ ಇದೆಯಾ, ಊಟದ ಕೋಣೆಗೆ ಎಷ್ಟು ಮೆಟ್ಟಿಲು, ಸ್ನಾನದ ಮನೆಯಲ್ಲಿ ಹಿಡಿದುಕೊಳ್ಳೋಕೆ ಏನಾದರೂ ಇದೆಯಾ ಅಂತ ಮೇಲ್ ಹಾಕಿ ಕೇಳಿ. ಫಿಯೋರ್ಡ್ ದಡದ ನೂರು ವರ್ಷಕ್ಕೂ ಹಳೆಯ ಮರದ ಹೋಟೆಲುಗಳು ನೋಡಲು ಬಹಳ ಚೆಂದ, ಆದರೆ ಹಲವು ಚಳಿಗಾಲದಲ್ಲಿ ಮುಚ್ಚಿರುತ್ತವೆ. ಅವು ಯಾವಾಗ ಮುಚ್ಚುತ್ತವೆ ಅನ್ನೋದನ್ನೂ ಆಗಲೇ ಕೇಳಿ.

ಹಾಗಾಗಿ ನನ್ನ ಸಲಹೆ: ಊರು ಕಡಿಮೆ ಮಾಡಿ, ರಾತ್ರಿ ಜಾಸ್ತಿ ಮಾಡಿ. ಕೋಪನ್‌ಹೇಗನ್, ಸ್ಟಾಕ್‌ಹೋಮ್ ಬಿಡಿ, ಲೊಫೋಟೆನ್ ಈ ಸಲಕ್ಕೆ ಬಿಡಿ. ಓಸ್ಲೋದಲ್ಲಿ ಎರಡು ರಾತ್ರಿ, ರೈಲಿನಲ್ಲಿ ಫ್ಲೋಮ್‌ಗೆ ಹೋಗಿ ಅಲ್ಲಿ ಅಥವಾ ಹತ್ತಿರದ ಫಿಯೋರ್ಡ್ ದಡದಲ್ಲಿ ಮೂರು ರಾತ್ರಿ, ಬರ್ಗೆನ್‌ನಲ್ಲಿ ಒಂದು, ಅಲ್ಲಿಂದ ವಿಮಾನದಲ್ಲಿ ಟ್ರೊಮ್ಸೊಗೆ ಹೋಗಿ ನಾಲ್ಕು ರಾತ್ರಿ. ಟ್ರೊಮ್ಸೊಗೆ ನಾಲ್ಕು ಯಾಕೆ ಅಂದರೆ ಮೋಡ. ಬೆಳಕು ಕಾಣಿಸಿಕೊಳ್ಳೋದು ನೂರು ಕಿಲೋಮೀಟರಿಗೂ ಮೇಲೆ, ಮೋಡ ಅದಕ್ಕಿಂತ ಎಷ್ಟೋ ಕೆಳಗೆ. ಒಂದೇ ರಾತ್ರಿ ಇಟ್ಟುಕೊಂಡು ಹೋದವರು ಮೋಡ ನೋಡಿಕೊಂಡು ವಾಪಸ್ ಬರ್ತಾರೆ.

ಅಲ್ಲಿ ದೊಡ್ಡ ಬಸ್ಸಿನ ಟೂರ್ ಬೇಡ, ಇಡೀ ಗಾಡಿ ನಿಮಗೇ ಇರುವ ಹಾಗೆ ಗೈಡ್ ಮಾಡಿಕೊಳ್ಳಿ. ಈ ಪ್ರವಾಸದಲ್ಲಿ ಅತಿ ಹೆಚ್ಚು ಬೆಲೆ ಬಾಳುವ ಖರ್ಚು ಇದೇ ಅಂತ ನನಗೆ ಅನ್ನಿಸುತ್ತೆ. ನಮ್ಮ ಗೈಡ್ ಸಂಜೆಯಿಂದಲೇ ಫೋನಿನಲ್ಲಿ ಮೋಡದ ನಕ್ಷೆ ನೋಡ್ತಾ ಕೂತಿದ್ದರು. ಕರಾವಳಿ ಪೂರ್ತಿ ಮುಚ್ಚಿದೆ, ಒಳನಾಡಿಗೆ ಹೋಗೋಣ ಅಂತ ಫಿನ್ಲೆಂಡ್ ಗಡಿಯ ಕಿಲ್ಪಿಸ್‌ಯಾರ್ವಿ ಕಡೆಗೆ ಗಾಡಿ ತಿರುಗಿಸಿದರು. (ಹಾಗಾಗಿ ರಾತ್ರಿ ಹೊರಟಾಗ ಪಾಸ್‌ಪೋರ್ಟ್ ಜೇಬಿನಲ್ಲಿರಲಿ.) ಅಲ್ಲಿ ಸೌದೆ ಹೊತ್ತಿಸಿ, ಹಿಮಸಾರಂಗದ ಚರ್ಮ ಹಾಸಿ, ಅತ್ತೆಯವರನ್ನು ಬೆಂಕಿ ಹತ್ತಿರ ಕೂರಿಸಿದರು. ಮೊದಲು ಬೂದು ಬಣ್ಣದ ಒಂದು ಪಟ್ಟಿ ಕಂಡಿತು, ಅತ್ತೆಯವರು ಅದನ್ನೂ ಮೋಡ ಅಂದುಕೊಂಡರು. ಗೈಡ್ ಕ್ಯಾಮೆರಾದಲ್ಲಿ ತೋರಿಸಿದಾಗ ಅದೇ ಪಟ್ಟಿ ಹಸಿರು. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಸರಿಯಾಗಿ ಕಾಣಲ್ಲ, ಇದನ್ನು ಮನೆಯವರಿಗೆ ಮೊದಲೇ ಹೇಳಿಟ್ಟರೆ ನಿರಾಸೆ ಆಗಲ್ಲ. ಸ್ವಲ್ಪ ಹೊತ್ತಿಗೆ ಆ ಪಟ್ಟಿ ಒಡೆದು ತಲೆ ಮೇಲೆಲ್ಲ ಹರಡಿಕೊಂಡು ಓಡಾಡತೊಡಗಿತು, ಆಗ ಬರಿಗಣ್ಣಿಗೂ ಹಸಿರು, ಅಂಚಿನಲ್ಲಿ ಗುಲಾಬಿ. ಮಾವನವರು ಟೋಪಿ ತೆಗೆದು ನಿಂತುಬಿಟ್ಟರು, ಆ ಚಳಿಯಲ್ಲಿ! ಸುಸ್ತಾದಾಗ ವಾಪಸ್ ಹೋಗೋಣ ಅಂದರೆ ಗಾಡಿ ತಿರುಗುತ್ತೆ, ಬಸ್ಸಿನಲ್ಲಿ ಅದು ಆಗಲ್ಲ. ಬಾತ್‌ರೂಮ್ ವ್ಯವಸ್ಥೆ ಏನು ಅಂತ ಮಾತ್ರ ಮುಂಚೆಯೇ ಕೇಳಿಕೊಳ್ಳಿ, ದಾರಿ ಉದ್ದ.

ಬರ್ಗೆನ್‌ನಲ್ಲಿ ನೆಲೆಸಿರುವವರು:

ಮೇಲಿನವರು ಹೇಳಿದ ದಾರಿಯೇ ಸರಿ. ಓಸ್ಲೋ–ಬರ್ಗೆನ್ ರೈಲು 1909ರಲ್ಲಿ ಶುರುವಾದದ್ದು, ಪೂರ್ತಿ ಪ್ರಯಾಣ ಆರೂವರೆ–ಏಳು ಗಂಟೆ. ಫಿನ್ಸೆ ನಿಲ್ದಾಣ 1222 ಮೀಟರ್ ಎತ್ತರದಲ್ಲಿದೆ, ಅಲ್ಲಿ ಮರವೇ ಬೆಳೆಯಲ್ಲ. ಮಿರ್ಡಾಲ್‌ನಲ್ಲಿ ಇಳಿದು ಫ್ಲೋಮ್ ರೈಲು ಹತ್ತಬೇಕು. ಇಪ್ಪತ್ತು ಕಿಲೋಮೀಟರಿನಲ್ಲಿ ಎಂಟುನೂರಕ್ಕೂ ಹೆಚ್ಚು ಮೀಟರ್ ಇಳಿದು ಸಮುದ್ರ ಮಟ್ಟಕ್ಕೆ ಬರುತ್ತೆ. ಸೂಟ್‌ಕೇಸ್ ಎತ್ತೋಕೆ ಪೋರ್ಟರ್ ಇರಲ್ಲ. ಸಾಮಾನನ್ನು ಹೋಟೆಲಿನಿಂದ ಹೋಟೆಲಿಗೆ ತಲುಪಿಸುವ ಸೇವೆ ಈ ಮಾರ್ಗದಲ್ಲಿ ಸಿಗುತ್ತೆ, ಅದಕ್ಕೆ ಕಣ್ಣುಮುಚ್ಚಿ ದುಡ್ಡು ಕೊಡಿ.

ಫ್ಲೋಮ್‌ನಿಂದ ಗುದ್ವಾಂಗೆನ್‌ಗೆ ದೋಣಿಯಲ್ಲಿ ಸುಮಾರು ಎರಡು ಗಂಟೆ. ನೆರೊಯ್‌ಫಿಯೋರ್ಡ್ ಒಳಗೆ ಹೋಗುತ್ತೆ, 2005ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಜಾಗ. 2018ರಿಂದ ಪೂರ್ತಿ ಬ್ಯಾಟರಿಯಲ್ಲಿ ಓಡುವ ದೋಣಿ ಇದೆ, ಎಂಜಿನ್ ಗದ್ದಲ ಇಲ್ಲದ್ದರಿಂದ ಜಲಪಾತದ ಸದ್ದು ಕೇಳಿಸುತ್ತೆ. ಫ್ಲೋಮ್ ಊರಿನಲ್ಲಿ ಹಗಲು ಹೊತ್ತು ದೊಡ್ಡ ಕ್ರೂಸ್ ಹಡಗುಗಳ ಜನಜಂಗುಳಿ ಇರಬಹುದು. ಅವು ಸಂಜೆ ಹೊರಟ ಮೇಲೆ ಊರು ನಿಮ್ಮದು. ಅಲ್ಲಿ ರಾತ್ರಿ ತಂಗಬೇಕು ಅನ್ನೋದು ಇದಕ್ಕೇ.

ಬರ್ಗೆನ್ ಮಳೆಯೂರು. ಗಾಳಿಗೆ ಕೊಡೆ ಉಲ್ಟಾ ಆಗುತ್ತೆ, ಒಳ್ಳೆಯ ರೇನ್‌ಕೋಟ್ ತನ್ನಿ. ಹಳೇ ಬಂದರಿನ ಬ್ರುಗೆನ್ ಓಣಿಗಳಲ್ಲಿ ನೆಲ ಏರುಪೇರು, ನಿಮ್ಮಮ್ಮನ ಕೈ ಹಿಡಿದುಕೊಂಡು ಹೋಗಿ. ಬೆಟ್ಟ ಹತ್ತೋಕೆ ಫ್ಲೋಯೆನ್ ಹಳಿಗಾಡಿ ಇದೆ, ಊರ ನಡುವಿನಿಂದ 320 ಮೀಟರ್ ಎತ್ತರಕ್ಕೆ ಕೆಲವೇ ನಿಮಿಷ. ವಿಮಾನ ನಿಲ್ದಾಣಗಳಲ್ಲಿ ವೀಲ್‌ಚೇರ್ ಬೇಕು ಅಂತ ಎರಡು ದಿನ ಮೊದಲೇ ಏರ್‌ಲೈನ್‌ಗೆ ತಿಳಿಸಿ. ಭಾನುವಾರ ಅಂಗಡಿಗಳು ಹೆಚ್ಚಿನವು ಬಂದ್. ನಗದು ಬೇಕಾಗುವುದೇ ಇಲ್ಲ, ಕಾರ್ಡ್ ಸಾಕು.

ಧಾರವಾಡದಾಕಿ, ಈಗ ಓಸ್ಲೋದಾಗ:

ಅಕ್ಕಾರ, ಊಟದ ಚಿಂತಿ ಬಿಡ್ರಿ, ಆದ್ರ ಮೊದಲ ಹೇಳಿ ಇಡ್ರಿ. ಇಲ್ಲಿ ಬರೇ ವೆಜಿಟೇರಿಯನ್ ಅಂದ್ರ ಮೊಟ್ಟಿ ಬಂದಽ ಬರತದ. ಸೂಪಿನಾಗ ಮೀನಿನ ನೀರು ಇರಬಹುದು. ಮೊಟ್ಟಿ, ಮೀನು ಎರಡೂ ಅಲರ್ಜಿ ಪಟ್ಟಿಯೊಳಗ ಬರತಾವ, ಕೇಳಿದ್ರ ಹೋಟೆಲ್‌ನವರು ಹೇಳಲೇಬೇಕು. ಹಂಗಾಗಿ ಬುಕ್ ಮಾಡೂ ಮುಂದ ಮೇಲ್‌ನಾಗ ಸ್ಪಷ್ಟ ಬರೀರಿ: ಮಾಂಸ ಇಲ್ಲ, ಮೀನು ಇಲ್ಲ, ಮೊಟ್ಟಿ ಇಲ್ಲ, ಹಾಲು–ಮೊಸರು ನಡೀತದ. ಒಂದು ವಾರ ಮೊದಲ ಮತ್ತೊಮ್ಮೆ ನೆನಪ ಮಾಡ್ರಿ. ಛಲೋ ಹೋಟೆಲ್‌ಗಳೊಳಗ ಅಡಗಿಯವರು ಭಾಳ ಕಾಳಜಿ ಮಾಡತಾರ, ಬ್ಯಾರೆ ತಾಟು ಮಾಡಿ ಕೊಡತಾರ.

ಮುಂಜಾನಿ ನಾಷ್ಟಾ ದೊಡ್ಡದಿರತದ: ಬ್ರೆಡ್ಡು, ಹಣ್ಣು, ಮೊಸರು, ಕಂದು ಬಣ್ಣದ ಬ್ರೂನೊಸ್ಟ್ ಚೀಸ್. ಚೀಸ್ ಮಾಡಿ ಉಳಿದ ನೀರನ್ನ ಕುದಿಸಿ ಕುದಿಸಿ ಗಟ್ಟಿ ಮಾಡಿದ್ದದು, ತಿಂದ್ರ ನಮ್ಮ ಧಾರವಾಡ ಪೇಡೇನ ನೆನಪಾಗತದ. ಚೀಸ್‌ನಾಗ ಕರುವಿನ ಹೊಟ್ಟಿಯಿಂದ ತಗದ ರೆನೆಟ್ (ಹಾಲು ಒಡಸೂ ಪದಾರ್ಥ) ಇರಬಹುದು, ಅಮ್ಮಾರು ಅದನ್ನ ಪಾಲಿಸ್ತಿದ್ರ ಕೇಳಿಕೊಂಡು ತಿನ್ನಿಸ್ರಿ. ಇಲ್ಲಿನ ವಾಫಲ್‌ದಾಗ ಮೊಟ್ಟಿ ಇರತದ. ಊರಿಂದ ಚಟ್ನಿಪುಡಿ, ಹಚ್ಚಿದ ಅವಲಕ್ಕಿ, ಶೇಂಗಾ ಹೋಳಿಗಿ ತರ್ರಿ. ತುಪ್ಪ, ಪೇಡೆ ತರಬ್ಯಾಡ್ರಿ, ಯುರೋಪಿನ ಹೊರಗಿನ ಹಾಲಿನ ಪದಾರ್ಥ ಒಳಗ ಬಿಡಂಗಿಲ್ಲ. ಹೋಳಿಗಿನೂ ತುಪ್ಪ ಹಚ್ಚದ ಮಾಡಿಸ್ರಿ. ಓಸ್ಲೋದ ಗ್ರೋನ್‌ಲಾಂಡ್ ಓಣಿಯೊಳಗ ತೊಗರಿಬ್ಯಾಳಿಯಿಂದ ಹಿಡಿದು ಎಲ್ಲಾ ಸಿಗತದ. ಟ್ರೊಮ್ಸೊದಾಗ ಅಡಗಿಮನಿ ಇರೂ ಅಪಾರ್ಟ್‌ಮೆಂಟ್ ತಗೊಂಡ್ರ ರಾತ್ರಿ ತಿರಗಾಡಿ ಬಂದ ಮ್ಯಾಲ ಬಿಸಿ ಅನ್ನ–ಸಾರು ಮಾಡಬಹುದು. ಆ ಹೊತ್ತಿನಾಗ ಅಮ್ಮಾರಿಗೆ ಅದಕ್ಕಿಂತ ದೊಡ್ಡ ಐಷಾರಾಮ ಬ್ಯಾರೆ ಇಲ್ಲ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪ ಹಡಗಿನಲ್ಲಿ ಹೋಗೋ ಆಸೆ ಹೇಳ್ತಿದ್ದಾರೆ. ಅದು ಸೇರಿಸಬಹುದಾ? ವೀಸಾಕ್ಕೆ ಯಾವಾಗ ಶುರು ಮಾಡಬೇಕು?

ಹಡಗಿನಲ್ಲಿ ಹೋದವರು:

ಖಂಡಿತ ಸೇರಿಸಿ. 1893ರಿಂದ ಓಡುತ್ತಿರುವ ಹುರ್ಟಿರುಟೆನ್ ಕರಾವಳಿ ಹಡಗು ಬರ್ಗೆನ್‌ನಿಂದ ರಷ್ಯಾ ಗಡಿ ಹತ್ತಿರದ ಕಿರ್ಕೆನೆಸ್‌ವರೆಗೆ 34 ಬಂದರು ಮುಟ್ಟುತ್ತೆ, ಹೋಗಿಬರೋಕೆ 12 ದಿನ. 2021ರಿಂದ ಹವಿಲಾ ಕಂಪನಿಯ ಹೊಸ ಹಡಗುಗಳೂ ಅದೇ ಮಾರ್ಗದಲ್ಲಿವೆ. ಇದು ಸಿಂಗಾಪುರದ ಕ್ರೂಸಿನ ಥರ ಅಲ್ಲ, ಕ್ಯಾಸಿನೊ ಇಲ್ಲ, ಶೋ ಇಲ್ಲ. ಸ್ಥಳೀಯರು ಹತ್ತಿ ಇಳೀತಾರೆ, ಸರಕು ಏರಿಸ್ತಾರೆ. ಡೆಕ್ ಮೇಲೆ ನಿಂತು ಅದನ್ನು ನೋಡೋದೇ ಒಂದು ಖುಷಿ.

ನಿಮಗೆ ಪೂರ್ತಿ ಪ್ರಯಾಣ ಬೇಡ. ಬರ್ಗೆನ್‌ನಿಂದ ಬುಡೊಗೆ ವಿಮಾನದಲ್ಲಿ ಹೋಗಿ, ಅಲ್ಲಿ ಮಧ್ಯಾಹ್ನ ಉತ್ತರಕ್ಕೆ ಹೊರಡುವ ಹಡಗು ಹತ್ತಿ. ಸಂಜೆ–ರಾತ್ರಿ ಲೊಫೋಟೆನ್ ಬಂದರುಗಳು, ಮರುದಿನ ಮಧ್ಯಾಹ್ನ ಟ್ರೊಮ್ಸೊ. ಒಂದೇ ರಾತ್ರಿ ಆದ್ದರಿಂದ ಒಳ್ಳೆಯ ದೊಡ್ಡ ಕ್ಯಾಬಿನ್ ತೆಗೆದುಕೊಂಡರೂ ಹೊರೆಯಾಗಲ್ಲ. ಬೆಳಕು ಕಂಡರೆ ಸ್ಪೀಕರಿನಲ್ಲಿ ಹೇಳ್ತಾರೆ, ಜಾಕೆಟ್ ಮಂಚದ ಪಕ್ಕದಲ್ಲೇ ಇರಲಿ. ಬುಡೊ ಬಿಟ್ಟ ಮೇಲೆ ತೆರೆದ ಸಮುದ್ರ ಕೆಲವು ಗಂಟೆ ಕುಲುಕುತ್ತೆ, ವಾಂತಿ ಮಾತ್ರೆ ಡಾಕ್ಟರನ್ನು ಕೇಳಿ ಇಟ್ಟುಕೊಳ್ಳಿ.

ವೀಸಾ ಬಗ್ಗೆ ಇನ್ನೊಬ್ಬರು:

ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಸೆಪ್ಟೆಂಬರ್ ಪ್ರಯಾಣ ಅಂದರೆ ಮೇ, ಜೂನ್‌ನಲ್ಲೇ ಹಾಕಿಬಿಡಿ. ನಾರ್ವೆಯ ವಲಸೆ ಇಲಾಖೆಯಾದ ಯುಡಿಐ ಪೋರ್ಟಲ್‌ನಲ್ಲಿ ಅರ್ಜಿ ತುಂಬಿ, ಬೆಂಗಳೂರಿನ ವಿಎಫ್‌ಎಸ್ ವೀಸಾ ಕೇಂದ್ರದಲ್ಲಿ ಬೆರಳಚ್ಚು ಕೊಡಬೇಕು. 2024ರ ಜೂನ್‌ನಿಂದ ಶುಲ್ಕ 90 ಯೂರೊ, ವಿಎಫ್‌ಎಸ್ ಚಾರ್ಜ್ ಬೇರೆ. ವಿಮೆ ಕನಿಷ್ಠ 30,000 ಯೂರೊಗೆ ಇರಬೇಕು. ಅಪ್ಪ–ಅಮ್ಮನಿಗೆ ಈಗಾಗಲೇ ಇರುವ ಕಾಯಿಲೆಗಳನ್ನೂ ಒಳಗೊಳ್ಳುವ ಪಾಲಿಸಿ ಹುಡುಕಿ, ಅಗ್ಗದ್ದು ಬೇಡ. ಉತ್ತರದ ಸ್ವಾಲ್‌ಬಾರ್ಡ್ ದ್ವೀಪಗಳನ್ನೂ ಸೇರಿಸೋಣ ಅಂತ ಯಾರಾದರೂ ಆಸೆ ಹುಟ್ಟಿಸಿದರೆ ನೆನಪಿರಲಿ: ಅದು ನಾರ್ವೆಯದ್ದೇ ಆದರೂ ಷೆಂಗೆನ್ ಹೊರಗಿದೆ, ಸಿಂಗಲ್ ಎಂಟ್ರಿ ವೀಸಾದಲ್ಲಿ ಹೋದರೆ ವಾಪಸ್ ಓಸ್ಲೋಗೆ ಬರೋಕೆ ಆಗಲ್ಲ.

ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್ (ದುಡ್ಡು ಕಟ್ಟುವಾಗಲೇ ವಸೂಲಿ ಮಾಡುವ ತೆರಿಗೆ) ಹಿಡೀತಾರೆ, ರಿಟರ್ನ್ಸ್ ಹಾಕುವಾಗ ಅದನ್ನು ಲೆಕ್ಕಕ್ಕೆ ತರಬಹುದು, ಯಾರ ಪ್ಯಾನ್‌ನಲ್ಲಿ ಕಟ್ಟುತ್ತೀರಿ ಅಂತ ಅಣ್ಣನ ಜೊತೆ ಮೊದಲೇ ಮಾತಾಡಿಕೊಳ್ಳಿ. ಬುಕ್ ಮಾಡುವ ಕ್ರಮ: ಮೊದಲು ಫಿಯೋರ್ಡ್ ಹೋಟೆಲ್ ಮತ್ತು ಹಡಗಿನ ಕ್ಯಾಬಿನ್, ಯಾಕಂದರೆ ಒಳ್ಳೆಯ ಕೋಣೆಗಳು ಕಡಿಮೆ. ಆಮೇಲೆ ಟ್ರೊಮ್ಸೊ ಗೈಡ್. ವೀಸಾ ಕೈಗೆ ಬರುವವರೆಗೆ ಎಲ್ಲವೂ ಕ್ಯಾನ್ಸಲ್ ಮಾಡುವಂಥದ್ದೇ ಇರಲಿ. ರೈಲು ಟಿಕೆಟ್ ಕೊನೆಗೆ ತೆಗೆದುಕೊಳ್ಳಿ, ಮೇಲ್ದರ್ಜೆಯ ಪ್ಲಸ್ ಸೀಟು, ಕಿಟಕಿ ಪಕ್ಕ ಅಪ್ಪ–ಅಮ್ಮನಿಗೆ.