ಹಳೆಯ ಕಾರಿನ ಎಂಜಿನ್‌ನಲ್ಲಿ ಕಾರ್ಬನ್: ಟ್ಯಾಂಕಿಗೆ ಸುರಿಯುವ ಕ್ಲೀನರ್‌ನಿಂದ ಪ್ರಯೋಜನವಿದೆಯೇ?

ಪ್ರಶ್ನೆ: 2006ರ ನನ್ನ ಪೆಟ್ರೋಲ್ ಕಾರು ಶಿರಾಡಿ ಘಾಟಿಯ ಏರಿನಲ್ಲಿ, ಮೂರನೇ ಗೇರಿನಲ್ಲಿದ್ದಾಗ, ಟಕಟಕ ಸದ್ದು ಮಾಡುತ್ತದೆ. ಒಳಗೆ ಕಾರ್ಬನ್ ಕಟ್ಟಿದೆ ಎಂದ ಮೆಕ್ಯಾನಿಕ್, ಟ್ಯಾಂಕಿಗೆ ಒಂದು ಬಾಟಲಿ ಕ್ಲೀನರ್ ಸುರಿಯಲು ಹೇಳಿದ್ದಾರೆ. ಇದರಿಂದ ಎಂಜಿನ್‌ಗೆ ಹಾನಿಯಾದೀತೇ?

ಉತ್ತರ: ಪಿಸ್ಟನ್ ತಲೆಯ ಮೇಲೆ ಕಾರ್ಬನ್ ದಪ್ಪಗಟ್ಟಿದಾಗ ದಹನಕ್ಕಿರುವ ಜಾಗ ಕಿರಿದಾಗಿ ಒತ್ತಡ ಹೆಚ್ಚುವುದರಿಂದ ಇಂತಹ ಸದ್ದು ಬರುವುದುಂಟು. ಪಾಲಿಈಥರ್‌ಅಮೈನ್ ಎಂಬ ಕೊಳೆ ತೆಗೆಯುವ ರಾಸಾಯನಿಕ ಇರುವ ಕ್ಲೀನರ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ಜೊತೆಗೆ ಈ ಪದರವನ್ನೂ ನಿಧಾನವಾಗಿ ಸಡಿಲಿಸುತ್ತದೆ. ಬರೀ ಸೀಮೆಎಣ್ಣೆಯ ವಾಸನೆ ಹೊಡೆಯುವ ಅಗ್ಗದ ಬಾಟಲಿಗಳಲ್ಲಿ ನನಗೆ ನಂಬಿಕೆಯಿಲ್ಲ. ನಮೂದಿಸಿದ ಅಳತೆಯನ್ನು ಮೀರದೆ, ಟ್ಯಾಂಕ್ ತುಂಬಿಸುವ ಮುನ್ನ ಸುರಿದು, ಆ ಪೆಟ್ರೋಲನ್ನು ಹೆದ್ದಾರಿಯಲ್ಲಿ ಓಡಿಸಿ ಮುಗಿಸಿ. ಕ್ಲೀನರ್‌ನ ಸ್ವಲ್ಪ ಭಾಗ ಪಿಸ್ಟನ್ ಸುತ್ತಲಿನ ರಿಂಗ್‌ಗಳನ್ನು ದಾಟಿ ಕೆಳಗಿನ ಆಯಿಲಿಗೆ ಇಳಿಯುವುದರಿಂದ ಬಳಿಕ ಎಂಜಿನ್ ಆಯಿಲ್ ಬದಲಾಯಿಸುವುದು ಒಳ್ಳೆಯದು.

ಇನ್ನೊಂದು ಉತ್ತರ: ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಒಣ ಮಸಿಯಿದ್ದರೆ ಏರ್ ಫಿಲ್ಟರ್ ಪರಿಶೀಲಿಸಿ ಕ್ಲೀನರ್ ಪ್ರಯತ್ನಿಸಬಹುದು. ಎಣ್ಣೆಜಿಡ್ಡು ಹಿಡಿದಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು, ಅದಕ್ಕೆ ಬಾಟಲಿಯಲ್ಲಿ ಮದ್ದಿಲ್ಲ.

ಪ್ರಶ್ನೆ ಕೇಳಿದವರು: ಬಿಚ್ಚಿಸಿದೆ. ಮೂರು ಪ್ಲಗ್‌ಗಳು ಒಣಗಿದ್ದವು, ನಾಲ್ಕನೆಯದರ ತುದಿ ಎಣ್ಣೆಯಿಂದ ತೊಯ್ದಿತ್ತು. ಬಾಟಲಿಯನ್ನು ಬದಿಗಿಟ್ಟು, ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಗೆ ಕಾರನ್ನು ಬಿಟ್ಟು ಬಂದಿದ್ದೇನೆ.