‘ಲೀಗಲ್ ಟೆಂಡರ್’ ಎಂದರೆ ‘ಚಲಾವಣೆ’ಯೇ?

ಪ್ರಶ್ನೆ: ಪಿಯುಸಿ ಅರ್ಥಶಾಸ್ತ್ರದ ಒಂದು ಪಾಠವನ್ನು ಕನ್ನಡಕ್ಕೆ ತರುತ್ತಿದ್ದೇವೆ. ಹಣಕ್ಕೆ ಬೆಲೆ ಬರುವುದು ಯಾವುದರಿಂದ ಎಂಬುದು ವಿಷಯ. ‘ಲೀಗಲ್ ಟೆಂಡರ್’ಗೆ ‘ಚಲಾವಣೆಯ ಹಣ’, ‘ಫಿಯಟ್ ಮನಿ’ಗೆ ‘ಆಜ್ಞಾ ಹಣ’, ‘ಡಿಮಾನಿಟೈಸೇಶನ್’ಗೆ ‘ಅಪಮೌಲ್ಯೀಕರಣ’ ಎಂದು ಹಾಕಿದ್ದೇವೆ. ತಿದ್ದಬೇಕಾದದ್ದು ಇದ್ದರೆ ತಿಳಿಸಿ.

ಉತ್ತರ: ಮೊದಲು ‘ಅಪಮೌಲ್ಯೀಕರಣ’ವನ್ನು ತೆಗೆಯಿರಿ. ಅಪಮೌಲ್ಯ ಎಂದರೆ 1966ರ ಜೂನ್ 6ರಂದು ಆದಂಥದ್ದು. ಡಾಲರಿಗೆ 4.76 ರೂಪಾಯಿ ಇದ್ದದ್ದು 7.50 ಆಯಿತು, ಆದರೆ ಜನರ ಕೈಯಲ್ಲಿದ್ದ ನೋಟು ಮರುದಿನವೂ ಅಂಗಡಿಯಲ್ಲಿ ನಡೆಯಿತು. 2016ರ ನವೆಂಬರ್ 8ರ ರಾತ್ರಿ ರೂಪಾಯಿಯ ದರವನ್ನು ಯಾರೂ ಇಳಿಸಲಿಲ್ಲ; 500 ಮತ್ತು 1000ದ ಹಳೆಯ ನೋಟುಗಳು ಸಲ್ಲದಾದವು, ಅಷ್ಟೇ. ಬೆಲೆ ಇಳಿಯುವುದು ಬೇರೆ, ಸಲ್ಲದೆ ಹೋಗುವುದು ಬೇರೆ. ಎರಡಕ್ಕೂ ಒಂದೇ ಪದ ಬಳಸಿದರೆ ವಿದ್ಯಾರ್ಥಿಗೆ ಪಾಠದ ಮುಖ್ಯ ವಿಚಾರವೇ ತಪ್ಪಿಹೋಗುತ್ತದೆ. ‘ನೋಟು ರದ್ದತಿ’ ಎನ್ನಿ, ಎಲ್ಲರಿಗೂ ತಿಳಿಯುತ್ತದೆ.

‘ಚಲಾವಣೆ’ಯಲ್ಲೂ ತೊಡಕಿದೆ. 2023ರ ಮೇ 19ರಂದು ರಿಸರ್ವ್ ಬ್ಯಾಂಕು 2000ದ ನೋಟನ್ನು ಚಲಾವಣೆಯಿಂದ ಹಿಂದಕ್ಕೆ ಪಡೆಯಿತು. ಅದೇ ಪ್ರಕಟಣೆಯಲ್ಲಿ ಅದು ಲೀಗಲ್ ಟೆಂಡರ್ ಆಗಿಯೇ ಉಳಿಯುತ್ತದೆ ಎಂದೂ ಹೇಳಿತು. ನಿಮ್ಮ ಪದ ಹಾಕಿ ಆ ವಾಕ್ಯವನ್ನು ಅನುವಾದಿಸಿ ನೋಡಿ: ‘ಚಲಾವಣೆಯಿಂದ ತೆಗೆದ ನೋಟು ಚಲಾವಣೆಯ ಹಣವಾಗಿಯೇ ಇರುತ್ತದೆ’!

ಕನ್ನಡದಲ್ಲಿ ಇದಕ್ಕೆ ‘ಸಲ್ಲು’ ಎಂಬ ಹಳೆಯ ಕ್ರಿಯಾಪದವಿದೆ. ಬಾಡಿಗೆ ಸಂದಿದೆ, ಕಂದಾಯ ಸಲ್ಲಿಸಿದೆ ಎನ್ನುವಾಗ ಋಣ ತೀರಿತು ಎಂಬ ಅರ್ಥ ಅದರಲ್ಲೇ ಇದೆ. ಲೀಗಲ್ ಟೆಂಡರ್ ಎಂದರೂ ಅದೇ ತಾನೇ, ಸಾಲ ತೀರಿಸಲು ಕೊಟ್ಟರೆ ಕಾನೂನು ಒಪ್ಪುವ ಹಣ. ಮರ್ತ್ಯಲೋಕವನ್ನು ಕರ್ತಾರನ ಕಮ್ಮಟ, ಅಂದರೆ ಟಂಕಸಾಲೆ, ಎಂದ ಬಸವಣ್ಣ ಇಲ್ಲಿ ಸಲ್ಲುವವರು ಅಲ್ಲಿಯೂ ಸಲ್ಲುವರು ಎಂದದ್ದು ಟಂಕಸಾಲೆಯ ಈ ಮಾತನ್ನೇ ಹಿಡಿದು. ಹಾಗಾಗಿ ‘ಕಾನೂನಿನಂತೆ ಸಲ್ಲುವ ಹಣ’ ಎನ್ನಿ. ಸಲ್ಲುವುದಕ್ಕೂ ಮಿತಿ ಇರಬಹುದು ಎಂಬುದನ್ನೂ ಈ ಕ್ರಿಯಾಪದ ಸಲೀಸಾಗಿ ಹೇಳುತ್ತದೆ: 2011ರ ನಾಣ್ಯ ಕಾಯ್ದೆಯಂತೆ 50 ಪೈಸೆ ನಾಣ್ಯ 10 ರೂಪಾಯಿವರೆಗಿನ ಮೊತ್ತಕ್ಕೆ ಸಲ್ಲುತ್ತದೆ, ಒಂದು ರೂಪಾಯಿ ಮತ್ತು ಮೇಲಿನವು 1000 ರೂಪಾಯಿವರೆಗೆ.

ಇನ್ನು ‘ಆಜ್ಞಾ ಹಣ’. ಇದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಬೆಲೆಯೂ ಆಜ್ಞೆಯಿಂದಲೇ ಬರುತ್ತದೆ ಎಂದು ಓದುಗ ತಿಳಿಯುತ್ತಾನೆ. ಆಜ್ಞೆಯಿಂದ ನೋಟು ಸಲ್ಲುತ್ತದೆ. ನೂರು ರೂಪಾಯಿಗೆ ಎಷ್ಟು ಅಕ್ಕಿ ಬಂದೀತು ಎಂಬುದು ಹಣದ ಪ್ರಮಾಣ, ಸರಕಿನ ಪೂರೈಕೆ, ನಾಳೆಯೂ ಇದನ್ನು ತೆಗೆದುಕೊಳ್ಳುತ್ತಾರೆಂಬ ನಂಬಿಕೆ ಇವುಗಳ ಮೇಲೆ ನಿಂತಿದೆ. ಗದ್ಯಾಣ ಎಂಬ ಹಳೆಯ ಚಿನ್ನದ ನಾಣ್ಯದ ಕಾಲದಲ್ಲಿ ಬೆಲೆ ಲೋಹದಲ್ಲೇ ಇತ್ತು. ಆದರೂ ಶಾಸನಗಳು ‘ಲೊಕ್ಕಿ ಗದ್ಯಾಣ’ ಎಂದು ಲಕ್ಕುಂಡಿಯ ಟಂಕಸಾಲೆಯ ಹೆಸರನ್ನು ಸೇರಿಸಿ ಬರೆಯುತ್ತವೆ. ಚಿನ್ನವೇ ಆಗಿದ್ದರೂ ಎಲ್ಲಿಯ ಅಚ್ಚು ಎಂಬುದು ಲೆಕ್ಕಕ್ಕೆ ಬರುತ್ತಿತ್ತು. ಇಂದಿನ ನೋಟಿನ ಹಿಂದೆಯೂ ಚಿನ್ನ ಇಲ್ಲವೆಂದಲ್ಲ. ರಿಸರ್ವ್ ಬ್ಯಾಂಕ್ ಕಾಯ್ದೆಯ 1957ರ ತಿದ್ದುಪಡಿಯಂತೆ ಬ್ಯಾಂಕಿನ ನೋಟು ಹೊರಡಿಸುವ ವಿಭಾಗದಲ್ಲಿ ಚಿನ್ನ ಮತ್ತು ವಿದೇಶಿ ಆಸ್ತಿ ಸೇರಿ ಕನಿಷ್ಠ 200 ಕೋಟಿ ರೂಪಾಯಿ, ಅದರಲ್ಲಿ ಕನಿಷ್ಠ 115 ಕೋಟಿಯ ಚಿನ್ನವೇ ಇರಬೇಕು. ಆದರೆ ನೋಟು ಹೆಚ್ಚಿದಂತೆ ಈ ಅಂಕಿ ಹೆಚ್ಚುವುದಿಲ್ಲ. ಆದ್ದರಿಂದ ಪಾಠದಲ್ಲಿ ಎಲ್ಲಾದರೂ ‘ನೋಟಿನಷ್ಟೇ ಚಿನ್ನದ ಆಧಾರ’ ಎಂದಿದ್ದರೆ ತಿದ್ದಿ. ‘ಫಿಯಟ್ ಹಣ’ ಎಂದೇ ಉಳಿಸಿ, ಮೊದಲ ಸಲ ಬಂದಲ್ಲಿ ‘ಲೋಹದ ಬೆಲೆಯಿಲ್ಲದೆ ಸಲ್ಲುವ ಹಣ’ ಎಂದು ವಿವರಿಸಿದರೆ ಸಾಕು.

ಒಂದನ್ನು ಮರೆತಿದ್ದೆ. ‘ಹತ್ತರ ನಾಣ್ಯ ನಡೆಯಲ್ಲ’ ಎಂದು ಕಿರಾಣಿ ಅಂಗಡಿಯವರು ಹಿಂದಕ್ಕೆ ತಳ್ಳುವುದನ್ನು ಎಲ್ಲರೂ ಕಂಡಿದ್ದೇವೆ. ಕಾನೂನಿನಲ್ಲಿ ಅದು ಸಲ್ಲುತ್ತದೆ, ಆ ಅಂಗಡಿಯಲ್ಲಿ ನಡೆಯುವುದಿಲ್ಲ. ‘ಸಲ್ಲು’, ‘ನಡೆ’ ಎರಡನ್ನೂ ಪದಪಟ್ಟಿಯಲ್ಲಿ ಬೇರೆ ಬೇರೆಯಾಗಿ ಕೊಡಿ, ಉದಾಹರಣೆಗೆ ಈ ನಾಣ್ಯವನ್ನೇ ಇಡಿ.