ಗೇಮ್ ಆಡುವಾಗ ಪಿಸಿ ಟಪ್ ಅಂತ ಆಫ್: ಯಾವ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬ) ತಗೊಳ್ಳಲಿ?

ಹಾಸನದ ಗೇಮರ್:
ನಮಸ್ಕಾರ. ಮನೆಯಲ್ಲೇ ಜೋಡಿಸಿದ ಪಿಸಿ. ರೈಜೆನ್ 5 5600 ಪ್ರೊಸೆಸರ್, 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ, ಒಂದು ಹಾರ್ಡ್ ಡಿಸ್ಕ್. ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6700 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡ್ ಹಾಕಿದೆ. ಅವತ್ತಿನಿಂದ ಈ ಕಾಟ. ಸಿನಿಮಾ, ಬ್ರೌಸಿಂಗ್ ಎಲ್ಲಾ ಆರಾಮ. ಗೇಮ್ ಶುರುವಾಗಿ ಸ್ವಲ್ಪ ಹೊತ್ತಿಗೆ ಪೂರ್ತಿ ಆಫ್. ಬಟನ್ ಒತ್ತಿದರೂ ಏಳುವುದಿಲ್ಲ. ಹಿಂದಿನ ಸ್ವಿಚ್ ಆಫ್ ಮಾಡಿ ಮತ್ತೆ ಹಾಕಿದರೆ ಬರುತ್ತದೆ.

ಅಂಗಡಿಯವರು ಎಸ್‌ಎಂಪಿಎಸ್ ಬಿಚ್ಚಿ ಚೆಕ್ ಮಾಡಿ, "ಫ್ಯಾನ್ ತಿರುಗುತ್ತಿದೆ, ಇದು ಸರಿಯಾಗಿದೆ, ನಿಮ್ಮ ಕಾರ್ಡೇ ಹೋಗಿದೆ" ಅಂದರು. ಎಸ್‌ಎಂಪಿಎಸ್ ಮೇಲೆ 600 ವ್ಯಾಟ್ ಅಂತ ದೊಡ್ಡದಾಗಿ ಬರೆದಿದೆ. ಅಷ್ಟು ಸಾಕಲ್ವಾ?

ಬೆಸುಗೆ:
ಕಾರ್ಡ್ ಮಾರಿಬಿಡಬೇಡಿ ಸರ್, ಸ್ವಲ್ಪ ತಾಳಿ. ಹಸಿರು ವೈರಿಗೆ ಕಪ್ಪು ವೈರ್ ಮುಟ್ಟಿಸಿ ಫ್ಯಾನ್ ತಿರುಗಿಸುವ ಟೆಸ್ಟ್‌ನಿಂದ ಗೊತ್ತಾಗುವುದು ಒಂದೇ, ಎಸ್‌ಎಂಪಿಎಸ್ ಪೂರ್ತಿ ಸತ್ತಿಲ್ಲ ಅಂತ. ಲೋಡ್ ಬಿದ್ದಾಗ ಏನಾಗುತ್ತದೆ ಅನ್ನುವುದನ್ನು ಅದು ತೋರಿಸುವುದಿಲ್ಲ.

ಸ್ಕ್ರೀನ್ ಮಾತ್ರ ಕಪ್ಪಾಗಿ ಒಳಗಿನ ಫ್ಯಾನ್‌ಗಳು ತಿರುಗುತ್ತಲೇ ಇದ್ದರೆ ನಾನೂ ಮೊದಲು ಕಾರ್ಡ್ ಅಥವಾ ಡ್ರೈವರ್ ನೋಡುತ್ತಿದ್ದೆ. ಎಲ್ಲಾ ಒಟ್ಟಿಗೆ ಆಫ್ ಆಗಿ, ಹಿಂದಿನ ಸ್ವಿಚ್ ಆಡಿಸುವ ತನಕ ಏಳದಿದ್ದರೆ ಎಸ್‌ಎಂಪಿಎಸ್ ತನ್ನ ರಕ್ಷಣೆಗೆ ತಾನೇ ಟ್ರಿಪ್ ಆಗಿರುವ ಸಾಧ್ಯತೆ ಜಾಸ್ತಿ.

ಎರಡು ಕೆಲಸ ಮಾಡಿ. ಕಾರ್ಡಿನ ರೇಡಿಯಾನ್ ಸಾಫ್ಟ್‌ವೇರ್‌ನಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) 60ಕ್ಕೆ ನಿಲ್ಲಿಸಿ, ಲೋಡ್ ಕಡಿಮೆಯಾಗುತ್ತದೆ, ಅದೇ ಗೇಮ್ ಆಡಿ, ಟೆಂಪರೇಚರ್ ಕೂಡ ನೋಡಿಕೊಳ್ಳಿ. ಆಮೇಲೆ ಎಸ್‌ಎಂಪಿಎಸ್ ಸ್ಟಿಕ್ಕರ್‌ನಲ್ಲಿ +12 ವೋಲ್ಟ್ ಕೆಳಗೆ ಎಷ್ಟು ಆಂಪ್ ಇದೆ, ಕಾರ್ಡಿಗೆ ವೈರ್ ಹೇಗೆ ಕೊಟ್ಟಿದ್ದೀರಿ ಹೇಳಿ.

ಹಾಸನದ ಗೇಮರ್:
60ಕ್ಕೆ ನಿಲ್ಲಿಸಿದ ಮೇಲೆ ಆಫ್ ಆಗಲೇ ಇಲ್ಲ! ಬಿಸಿಯೂ ಅಷ್ಟೇನಿಲ್ಲ. ಸ್ಟಿಕ್ಕರ್‌ನಲ್ಲಿ +12 ವೋಲ್ಟ್‌ಗೆ 28 ಆಂಪ್ ಅಂತಿದೆ. ಕಾರ್ಡಿಗೆ 8 ಪಿನ್ ಒಂದು, 6 ಪಿನ್ ಒಂದು ಬೇಕು. ಎಸ್‌ಎಂಪಿಎಸ್‌ನಲ್ಲಿ ಒಂದೇ ಕೇಬಲ್ ಇರುವುದು. ಇನ್ನೊಂದಕ್ಕೆ ಕಾರ್ಡ್ ಮಾರಿದವರು ಮೋಲೆಕ್ಸ್ ಕನ್ವರ್ಟರ್ (ಹಳೇ ಥರದ 4 ಪಿನ್ ಪ್ಲಗ್‌ನಿಂದ ಕಾರ್ಡಿಗೆ ಕರೆಂಟ್ ಕೊಡುವ ವೈರ್) ಕೊಟ್ಟಿದ್ದರು. ಈಗ ನೋಡಿದರೆ ಅದರ ಹಳದಿ ವೈರ್ ಪ್ಲಗ್ ಹತ್ತಿರ ಕಂದು ಬಣ್ಣಕ್ಕೆ ತಿರುಗಿದೆ.

ಬೆಸುಗೆ:
ಆ ಕನ್ವರ್ಟರ್ ಇವತ್ತೇ ತೆಗೆಯಿರಿ. ವೈರ್ ಬೆಂದಿದೆ. ಹೊಸ ಎಸ್‌ಎಂಪಿಎಸ್ ಬರುವವರೆಗೆ ಹಳೇ ಕಾರ್ಡಿನಲ್ಲೇ ಕೆಲಸ ಮಾಡಿ, ಪ್ಲೀಸ್.

ಲೆಕ್ಕ ನೋಡಿ. 28 ಆಂಪ್ ಗುಣಿಸು 12 ವೋಲ್ಟ್ ಅಂದರೆ 336 ವ್ಯಾಟ್. ಪ್ರೊಸೆಸರ್ರಿಗೂ ಗ್ರಾಫಿಕ್ಸ್ ಕಾರ್ಡಿಗೂ ಸಿಗುವುದು ಇಷ್ಟೇ. ಉಳಿದ ವ್ಯಾಟ್ 3.3, 5 ವೋಲ್ಟ್ ಲೈನ್‌ಗಳ ಲೆಕ್ಕ, ನಿಮಗೆ ಅದರಿಂದ ಏನೂ ಉಪಯೋಗವಿಲ್ಲ. ನಿಮ್ಮ ಕಾರ್ಡ್ 230 ವ್ಯಾಟ್, ಪ್ರೊಸೆಸರ್ 76 ವ್ಯಾಟ್ ತನಕ ಎಳೆಯುತ್ತದೆ. ಅಲ್ಲಿಗೇ 306 ಆಯಿತು. ಬೋರ್ಡ್, ಫ್ಯಾನ್, ಹಾರ್ಡ್ ಡಿಸ್ಕ್ ಇನ್ನೂ ಇವೆ. ಇದರ ಮೇಲೆ ಕಾರ್ಡ್ ಕ್ಷಣಮಾತ್ರ ಎಳೆಯುವ ಜಾಸ್ತಿ ಕರೆಂಟ್ ಬೇರೆ. ಟ್ರಿಪ್ ಆಗದೆ ಇನ್ನೇನು ಮಾಡುತ್ತದೆ?

ಈ ಕಾರ್ಡಿಗೆ ಅದರ ಕಂಪನಿ ಎಎಮ್‌ಡಿ ಹೇಳುವುದೇ 650 ವ್ಯಾಟ್. ಒಳ್ಳೆ ಕಂಪನಿಯ 650ರಲ್ಲಿ +12 ವೋಲ್ಟ್‌ಗೆ 54 ಆಂಪ್ ಹತ್ತಿರ ಇರುತ್ತದೆ, ಹೆಚ್ಚುಕಡಿಮೆ ಪೂರ್ತಿ ಪವರ್ ಬೇಕಾದ ಲೈನಿನಲ್ಲೇ ಸಿಗುತ್ತದೆ. ಮುಂದೆ ದೊಡ್ಡ ಕಾರ್ಡ್ ಹಾಕುವ ಆಸೆಯಿದ್ದರೆ 750. ಕಾರ್ಡಿಗೆ ಬೇರೆ ಬೇರೆ ಎರಡು ಕೇಬಲ್ ಇರಲಿ, ಕನಿಷ್ಠ 5 ವರ್ಷ ವಾರಂಟಿ ಇರಲಿ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ತಂದರೂ ಬಿಲ್ ಇಲ್ಲದೆ ತರಬೇಡಿ.

ಹಾಸನದ ಗೇಮರ್:
ಎಸ್‌ಎಂಪಿಎಸ್ ಮೇಲೆ ಬರೆಯುವ 80 ಪ್ಲಸ್ ದರ್ಜೆಯಲ್ಲಿ ಬ್ರಾಂಜ್ ಸಾಕಾ, ಗೋಲ್ಡೇ ಬೇಕಾ? ದುಡ್ಡಿನ ವ್ಯತ್ಯಾಸ ಇದೆ. ಮತ್ತೆ ಈಗಿನ ಕೇಬಲ್‌ಗಳನ್ನೆಲ್ಲಾ ಚೆನ್ನಾಗಿ ಕಟ್ಟಿಟ್ಟಿದ್ದೇನೆ, ಹಾಗೇ ಬಿಟ್ಟು ಡಬ್ಬ ಮಾತ್ರ ಬದಲಿಸಬಹುದಾ?

ಬೆಸುಗೆ:
ಖಂಡಿತ ಬೇಡ! ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಒಂದೊಂದು ಕಂಪನಿಯದು ಒಂದೊಂದು ಥರ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು. ಪ್ಲಗ್ ಸಲೀಸಾಗಿ ಕೂರುತ್ತದೆ, ಆದರೆ 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಗಿ ಹಾರ್ಡ್ ಡಿಸ್ಕ್ ಸುಟ್ಟುಹೋಗುತ್ತದೆ. ಫೋಟೋ, ಓದಿನ ಫೈಲು ಎಲ್ಲಾ ಅದರಲ್ಲೇ ಇರುತ್ತವೆ ಅಲ್ವಾ? ಹೊಸ ಡಬ್ಬದ ಜೊತೆ ಬಂದ ಕೇಬಲ್ ಮಾತ್ರ ಹಾಕಿ.

ಬ್ರಾಂಜ್ ಸಾಕು. ಆ ಹೆಸರು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದನ್ನಷ್ಟೇ ಹೇಳುತ್ತದೆ. ಅರ್ಧ ಲೋಡ್‌ನಲ್ಲಿ ಬ್ರಾಂಜ್ 85%, ಗೋಲ್ಡ್ 90% ಅಂತ ಹಿಡಿಯಿರಿ. 350 ವ್ಯಾಟ್ ಲೋಡಿಗೆ ಸುಮಾರು 20 ವ್ಯಾಟ್ ಉಳಿತಾಯ. ದಿನಕ್ಕೆ 3 ಗಂಟೆ ಆಡಿದರೆ ತಿಂಗಳಿಗೆ ಎರಡು ಯೂನಿಟ್.

ಹಳೆಯದನ್ನು ಸುಮ್ನೆ ಕುತೂಹಲಕ್ಕೂ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಪ್ಲಗ್ ತೆಗೆದ ಮೇಲೂ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು.

ತುಮಕೂರು ಟೆಕ್ಕಿ:
ನಡುವೆ ಬಂದೆ, ಕ್ಷಮಿಸಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದಾ? ಹಾಗಿದ್ದರೆ ಪ್ಲಗ್ ಪಾಯಿಂಟ್‌ನಲ್ಲಿ ಅರ್ಥ್ ಇಲ್ಲ ಅಂತ. ಎಸ್‌ಎಂಪಿಎಸ್ ಬದಲಿಸಿದರೂ ಅದು ಹೋಗುವುದಿಲ್ಲ, ಎಲೆಕ್ಟ್ರಿಷಿಯನ್ ಕರೆಸಿ.

ಹಾಸನದ ಗೇಮರ್:
ಜುಮ್ ಅನ್ನುವುದಿಲ್ಲ ಸರ್. ಆದರೆ ನಮ್ಮಲ್ಲಿ ಕರೆಂಟ್ ಹೋಗುವುದು ಜಾಸ್ತಿ. ಈಗಿರುವ 600 ವಿಎ ಯುಪಿಎಸ್ ತಡೆಯುತ್ತದಾ?

ಬೆಸುಗೆ:
600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಮಾನಿಟರ್ ಸೇರಿಸಿದರೆ ಗೇಮ್ ಮಧ್ಯೆ ಕರೆಂಟ್ ಹೋದ ಕೂಡಲೇ ಅದೂ ಕೈಬಿಡುತ್ತದೆ. 1000 ವಿಎ ಅಥವಾ ಮೇಲಿನದು ನೋಡಿ, ಹಿಂದಿನ ಸ್ಟಿಕ್ಕರ್‌ನಲ್ಲಿ ವ್ಯಾಟ್ 600 ಇದೆಯಾ ಅಂತ ಓದಿ ತಗೊಳ್ಳಿ. ಮೊದಲು ಎಸ್‌ಎಂಪಿಎಸ್. ಯುಪಿಎಸ್ ಮುಂದಿನ ತಿಂಗಳಾದರೂ ಪರವಾಗಿಲ್ಲ.